ಮಲಗಿದಾಗಿನ ಇಸಿಜಿ ಸಾಕೇ?

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಸದವು ವಿರಳ. ರಕ್ತದೊತ್ತಡ, ಸಕ್ಕರೆ, ಇಸಿಜಿ ಇಷ್ಟಾದರೆ ಶಿಬಿರ ಯಶಸ್ವಿ. ಕಾರ್ಯ ಶ್ಲಾಘನೀಯವೇ. ಆದರೆ ಇಸಿಜಿ ‘ನಾರ್ಮಲ್’ ಎಂಬ ಚೀಟಿಯನ್ನು ಕಿಸೆಗಿಳಿಸಿ, ವಾರ್ಷಿಕ ಕ್ರೀಡಾಕೂಟದ ಹಗ್ಗಜಗ್ಗಾಟಕ್ಕೆ ನೇರ ಇಳಿಯುವ ಐವತ್ತು ದಾಟಿದ ಸದಸ್ಯರ ಬಗ್ಗೆ ಪದಾಧಿಕಾರಿಗಳು ಯೋಚಿಸಬೇಕಾಗಿದೆ.

ಮಲಗಿಸಿ ತೆಗೆಯುವ ಇಸಿಜಿ ಹೇಳುವುದು ವಿಶ್ರಾಂತಿಯಲ್ಲಿರುವ ಹೃದಯದ ಸಮಾಚಾರ ಮಾತ್ರ. ಹೃದಯಕ್ಕೆ ರಕ್ತ ಒಯ್ಯುವ ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದರೂ ಸುಮ್ಮನಿರುವಾಗ ಸಾಕಷ್ಟು ರಕ್ತ ಸಿಗಬಹುದು. ಕೊರತೆ ಗೊತ್ತಾಗುವುದು ದಾದರ್ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಲೋಕಲ್ ಹಿಡಿಯಲು ಓಡಿದಾಗ. ಅಂಥ ಶ್ರಮವನ್ನು ವೈದ್ಯರ ಕಣ್ಣೆದುರೇ ಕೊಟ್ಟು ನೋಡುವುದು ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ. ಅಮೆರಿಕದ ಡಾ. ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಗಂಟೆಗೆ 2.7 ಕಿ.ಮೀ. ನಡಿಗೆಯಿಂದ ಆರಂಭ, ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. 220ರಲ್ಲಿ ವಯಸ್ಸನ್ನು ಕಳೆದು, ಉಳಿದುದರ ಶೇ. 85ರಷ್ಟು ನಾಡಿಮಿಡಿತ ತಲುಪುವುದು ಸಾಮಾನ್ಯ ಗುರಿ. 50ರ ವಯಸ್ಸಿನವರಿಗೆ ಅದು ಸುಮಾರು 145. ನಡುವೆ ಎದೆನೋವು ಬಂದರೆ, ಇಸಿಜಿ ಗೆರೆ ಬದಲಾದರೆ, ಏರಬೇಕಾದ ರಕ್ತದೊತ್ತಡ ಇಳಿದರೆ ಅದು ಎಚ್ಚರಿಕೆ.

ಹಾಗೆಂದು ಶಿಬಿರಕ್ಕೆ ಬಂದವರಿಗೆಲ್ಲ ಟಿಎಂಟಿ ಮಾಡಿಸಬೇಕಿಲ್ಲ. ಯಾವ ತೊಂದರೆಯೂ ಇಲ್ಲದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಇಲ್ಲದ ದೋಷ ತೋರಿಸಿ ಆಂಜಿಯೋಗ್ರಫಿಯವರೆಗೆ ಅಲೆದಾಡಿಸುವುದೂ ಉಂಟು. ಕುಳಿತಲ್ಲೇ ಎದೆನೋವು ಬರುವವರಿಗಂತೂ ಈ ಪರೀಕ್ಷೆಯೇ ಅಪಾಯ. ಶಿಬಿರದಲ್ಲಿ ಆಗಬೇಕಾದದ್ದು ಖರ್ಚಿಲ್ಲದ ಕೆಲಸ: ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದೇ, ಏದುಸಿರು ಬರುವುದೇ ಎಂದು ಕೇಳಿ, ಹೌದೆಂದವರನ್ನು ಹೃದ್ರೋಗ ತಜ್ಞರಲ್ಲಿಗೆ ಕಳುಹಿಸುವುದು. ಬೈಪಾಸ್ ಆದ ಮೇಲೆ ಕೈಬಿಚ್ಚಿ ನೆರವಾಗುವ ಸಂಘಗಳ ವೈದ್ಯಕೀಯ ನಿಧಿಯಲ್ಲಿ ಇಂಥವರ ಪರೀಕ್ಷೆಗೂ ಒಂದು ಪಾಲು ಇರಲಿ.

ಈಗಾಗಲೇ ಹೃದಯಾಘಾತ ಕಂಡವರ ಕಥೆ ಬೇರೆ. ಮನೆಮಂದಿ ಅವರನ್ನು ಪ್ರೀತಿಯಿಂದಲೇ ಕುರ್ಚಿಗೆ ಕಟ್ಟಿಹಾಕುತ್ತಾರೆ. ಅವರು ಎಷ್ಟು ನಡೆಯಬಹುದು, ಯಾವಾಗ ಕೆಲಸಕ್ಕೆ ಮರಳಬಹುದು ಎಂಬುದನ್ನು ಅಂದಾಜಿಸಲು ವೈದ್ಯರಿಗೆ ಇದೇ ಪರೀಕ್ಷೆ ನೆರವಾಗುತ್ತದೆ. ಹೃದಯ ತೀರಾ ದುರ್ಬಲವಾದವರಿಗೆ ಆರು ನಿಮಿಷದ ನಡಿಗೆ ಪರೀಕ್ಷೆಯಿದೆ. ಅದಕ್ಕೆ ದೊಡ್ಡ ಯಂತ್ರ ಬೇಡ. 30 ಮೀಟರ್ ಉದ್ದದ ಸಮತಟ್ಟಾದ ಹಾದಿ, ಗಡಿಯಾರ ಮತ್ತು ಪಕ್ಕದಲ್ಲಿ ವೈದ್ಯಕೀಯ ಸಿಬ್ಬಂದಿ ಇದ್ದರಾಯಿತು.