ಎರಡಿಂಚಿನ ಮೀನಿಗೆ ನಾಲ್ಕಡಿ ತೊಟ್ಟಿ

ವಡೋದರಾದ ಗೋರ್ವಾಕ್ಕೆ ಬಾಡಿಗೆಗೆ ಬಂದ ಮೊದಲ ವರ್ಷ, ಮಗಳ ಹುಟ್ಟುಹಬ್ಬಕ್ಕೆಂದು ಎರಡು ಆಸ್ಕರ್ ಮೀನು ತಂದಿದ್ದೆ. ಒಂದೊಂದೂ ಎರಡಿಂಚು. ಜತೆಗೆ ಎರಡಡಿ ಉದ್ದ, ಒಂದಡಿ ಅಗಲದ ಗಾಜಿನ ತೊಟ್ಟಿ. ‘ಇಷ್ಟು ಸಾಕೇ?’ ಎಂದು ಕೇಳಿದ್ದಕ್ಕೆ ಅಂಗಡಿಯಾತ, ‘ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ ಸಾಹೇಬ್ರೇ’ ಎಂದ. ನಂಬಿದೆ. ವರ್ಷ ತುಂಬುವುದರೊಳಗೆ ಎರಡೂ ಎಂಟಿಂಚು ದಾಟಿದವು. ಹೊರಳಬೇಕೆಂದರೆ ಬಾಲ ಮಡಚಬೇಕು. ದೊಡ್ಡದು ಚಿಕ್ಕದನ್ನು ಕಚ್ಚಿ ಕಚ್ಚಿ ಮೂಲೆಗೆ ತಳ್ಳಿತು. ಒಂದು ಬೆಳಿಗ್ಗೆ ಚಿಕ್ಕದು ತೇಲುತ್ತಿತ್ತು. ಶಾಲೆಗೆ ಹೊರಟಿದ್ದ ಮಗಳಿಗೆ ಏನು ಹೇಳುವುದೆಂದು ತೋಚಲಿಲ್ಲ.

ತೊಟ್ಟಿಗೆ ತಕ್ಕಂತೆ ಮೀನು ಬೆಳೆಯುತ್ತದೆ ಎಂಬುದು ಅರ್ಧ ಸತ್ಯವೂ ಅಲ್ಲ. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಬಿಡುತ್ತದೆ. ನೀರು ಕಡಿಮೆಯಾದಷ್ಟೂ ಆ ವಿಷ ಬೇಗ ದಟ್ಟವಾಗುತ್ತದೆ. ಇಂಥ ನೀರಿನಲ್ಲಿ ಬೆಳವಣಿಗೆ ಕುಂಠಿತವಾದರೆ ಅದು ಹೊಂದಾಣಿಕೆಯಲ್ಲ, ಕಾಯಿಲೆ. ಹಾಗಾಗಿ ತೊಟ್ಟಿಯ ಅಳತೆಯನ್ನು ಅಂಗಡಿಯಲ್ಲಿ ಕಾಣುವ ಮರಿಯಿಂದಲ್ಲ, ಅದು ಪೂರ್ತಿ ಬೆಳೆದಾಗಿನ ಗಾತ್ರದಿಂದ ನಿರ್ಧರಿಸಬೇಕು.

ಲೆಕ್ಕ ಸುಲಭ. ತೊಟ್ಟಿಯ ಉದ್ದ ಬೆಳೆದ ಮೀನಿನ ಉದ್ದದ ನಾಲ್ಕು ಪಟ್ಟಾದರೂ ಇರಲಿ, ಅಗಲ ಒಂದೂವರೆ ಪಟ್ಟಾದರೂ ಇರಲಿ. ಇದು ಕನಿಷ್ಠ. ಆಸ್ಕರ್ ಸುಮಾರು ಒಂದಡಿ ಬೆಳೆಯುತ್ತದೆ. ಅಂದರೆ ಒಂದೇ ಒಂದು ಆಸ್ಕರ್‌ಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಬೇಕು. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ ಹಿಡಿದರೆ ಸುಮಾರು 255 ಲೀಟರ್ ನೀರು. ವಾಸ್ತುವಿನ ಹೆಸರಲ್ಲಿ ಮಾರುವ ಫ್ಲವರ್‌ಹಾರ್ನ್‌ಗೂ ಇದೇ ಲೆಕ್ಕ. ಅದೃಷ್ಟದ ಮೀನೆಂದು ಕೊಳ್ಳುವ ಸಿಲ್ವರ್ ಅರೋವಾನಾ ಎರಡೂವರೆ ಅಡಿಗೆ ಬೆಳೆಯುತ್ತದೆ. ಅದಕ್ಕೆ ಹತ್ತಡಿ ಉದ್ದ, ನಾಲ್ಕಡಿ ಅಗಲ ಬೇಕು. ಕೆಂಪುಬಾಲದ ಕ್ಯಾಟ್‌ಫಿಶ್ ಮೂರಡಿಯನ್ನೂ ಮೀರುತ್ತದೆ. ಅದಕ್ಕೆ ತೊಟ್ಟಿಯಲ್ಲ, ಒಂದು ಕೋಣೆಯೇ ಬೇಕು.

ಇನ್ನು ಭಾರ. ಒಂದು ಲೀಟರ್ ನೀರು ಒಂದು ಕಿಲೋ. ಅರೋವಾನಾದ ತೊಟ್ಟಿಯಲ್ಲಿ ಎರಡಡಿ ನೀರು ನಿಲ್ಲಿಸಿದರೆ ಎರಡು ಟನ್ನಿಗೂ ಹೆಚ್ಚು. ಗಾಜು, ಸ್ಟ್ಯಾಂಡು, ಕಲ್ಲು ಬೇರೆ. ನಮ್ಮ ದೇಶದ ಐಎಸ್ 875 ಮಾನದಂಡದಂತೆ ವಾಸದ ಕೋಣೆಯ ನೆಲಕ್ಕೆ ಲೆಕ್ಕ ಹಾಕುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಎರಡಡಿ ಎತ್ತರದ ನೀರು ಅದೇ ಚದರ ಮೀಟರಿಗೆ 600 ಕಿಲೋ ಹೇರುತ್ತದೆ. ಹಾಗೆಂದು ನಾಳೆಯೇ ನೆಲ ಕುಸಿಯುತ್ತದೆ ಎಂದಲ್ಲ. ಆದರೆ ನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ ಆರಡಿ ತೊಟ್ಟಿ ಇಡುವ ಮುನ್ನ ಮನೆಯ ಮಾಲೀಕರನ್ನೂ ಒಬ್ಬ ಸಿವಿಲ್ ಎಂಜಿನಿಯರನ್ನೂ ಕೇಳಲೇಬೇಕು. ಕೋಣೆಯ ನಡುವೆ ಇಡದೆ, ತೊಲೆಯ ಮೇಲೆ ಬರುವ ಗೋಡೆಗೆ ಒತ್ತಿ ಇಡುವುದು ಜಾಣತನ.

ಊರು ಬಿಟ್ಟು ಬಂದ ನಮ್ಮಂಥವರು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಇಲ್ಲಿ ಎಷ್ಟು ವರ್ಷ ಇರುತ್ತೇವೆ? ಬಾಡಿಗೆ ಕರಾರು ಹನ್ನೊಂದು ತಿಂಗಳು. ವರ್ಗಾವಣೆ ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ. ಆಸ್ಕರ್ ಬದುಕುವುದು ಹತ್ತು ವರ್ಷಕ್ಕೂ ಹೆಚ್ಚು. ಫ್ರಿಜ್, ಮಂಚ, ಸ್ಕೂಟರು ಲಾರಿ ಹತ್ತುತ್ತವೆ. ಒಂದಡಿ ಮೀನನ್ನು ವಡೋದರಾದಿಂದ ಹುಬ್ಬಳ್ಳಿಗೆ ಸಾಗಿಸುವುದು ಹೇಗೆ?

ಆಗ ಹೊಳೆಯುವ ದಾರಿಯೇ ಕೆರೆ. ಉಳಿದ ಆಸ್ಕರ್ ಬಗ್ಗೆ ಪಕ್ಕದ ಮನೆಯವರು ಪ್ರೀತಿಯಿಂದಲೇ ಹೇಳಿದರು: ‘ತಲಾವಿಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ.’ ಪುಣ್ಯವಲ್ಲ, ಅದು ಕೆರೆಗೆ ಮಾಡುವ ದ್ರೋಹ. 2018ರ ಕೇರಳದ ಪ್ರವಾಹದ ಬಳಿಕ ಅಲ್ಲಿನ ನದಿಗಳಲ್ಲಿ ಅಮೆಜಾನಿನ ಅರಪೈಮಾ, ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕವು. 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಅಲಿಗೇಟರ್ ಗಾರ್ ಸಿಕ್ಕಿತು. ತೊಟ್ಟಿ ಸ್ವಚ್ಛ ಮಾಡುತ್ತದೆಂದು ಎರಡಿಂಚಿಗೆ ಮಾರುವ ಸಕ್ಕರ್ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಹಾಗೆ ಹೊರಬಿದ್ದದ್ದು ಈಗ ದೇಶದ ಹಲವು ಕೆರೆ, ನದಿಗಳಲ್ಲಿ ಮರಿ ಹಾಕುತ್ತಿದೆ. ಇವೆಲ್ಲ ಒಂದು ಕಾಲಕ್ಕೆ ಯಾರೋ ಆಸೆಪಟ್ಟು ಸಾಕಿದ ಜಾತಿಗಳೇ.

ನಾನು ಬಿಡಲಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ನಾಲ್ಕಡಿ ತೊಟ್ಟಿ ಕೊಂಡೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು, ಅಂದರೆ ನಾಲ್ಕು ಬಕೆಟ್. ಇದು ಭಾನುವಾರದ ಕೆಲಸವಾಯಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ, ಬೀದಿಗಳಿಗೆ ಮೊಸಳೆ ಬಂದ ಆ ದಿನಗಳಲ್ಲಿ ನಮ್ಮ ಕರೆಂಟೂ ಹೋಯಿತು. ಫಿಲ್ಟರ್ ನಿಂತಿತು. ಬ್ಯಾಟರಿಯ ಗಾಳಿ ಪಂಪು, 255 ಲೀಟರ್ ನೀರು, ಇವೆರಡೇ ಮೀನನ್ನು ಉಳಿಸಿದವು. ಹಳೆಯ ತೊಟ್ಟಿಯಾಗಿದ್ದರೆ ಒಂದು ರಾತ್ರಿಯೂ ದಾಟುತ್ತಿರಲಿಲ್ಲ. ನನಗೆ ವರ್ಗವಾದರೆ ಮೀನನ್ನು ತೊಟ್ಟಿಯ ಸಮೇತ ಒಯ್ಯಲು ಸ್ವಂತ ಮನೆಯಿರುವ ಸಹೋದ್ಯೋಗಿಯೊಬ್ಬರು ಒಪ್ಪಿದ್ದಾರೆ. ಈ ಮಾತನ್ನು ಮೀನು ಕೊಳ್ಳುವ ಮೊದಲೇ ಕೇಳಬೇಕಿತ್ತು.

ಅಂಗಡಿಗಳೂ ಒಂದು ಕೆಲಸ ಮಾಡಬಹುದು. ಬೆಲೆಯ ಚೀಟಿಯ ಮೇಲೆ ಮೀನು ಎಷ್ಟು ಬೆಳೆಯುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂದು ಬರೆಯಲಿ. ದೊಡ್ಡದಾದ ಮೀನನ್ನು ಮರಳಿ ಪಡೆಯಲಿ. ಏಷ್ಯನ್ ಅರೋವಾನಾದಂಥ ಅಂತರರಾಷ್ಟ್ರೀಯ ರಕ್ಷಣೆಯ ಪಟ್ಟಿಯಲ್ಲಿರುವ ಮೀನನ್ನು ಸಾಕುವವರು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಎಂಬುದನ್ನೂ ಗ್ರಾಹಕರಿಗೆ ತಿಳಿಸಲಿ.

ಜಾಗ ಎರಡಡಿಯೇ ಇದ್ದರೆ ಬೇಸರ ಬೇಡ. ಗಪ್ಪಿ, ಸಣ್ಣ ಟೆಟ್ರಾ, ರಾಸ್ಬೋರಾಗಳು ಅದರಲ್ಲೇ ಗುಂಪಾಗಿ ಆಡುತ್ತವೆ. ದೊಡ್ಡ ಮೀನು ನೋಡುವ ಆಸೆಗೆ ಸೂರತ್‌ನ ಪಾಲಿಕೆ ಅಕ್ವೇರಿಯಂ ಇದೆ. ರಜೆಗೆ ಊರಿಗೆ ಹೋದಾಗ ಶೃಂಗೇರಿಯಿದೆ. ಅಲ್ಲಿ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆದರೆ ತೊಡೆಗಾತ್ರದ ಮೀನುಗಳು ಮೇಲೇಳುತ್ತವೆ. ಅವಕ್ಕೆ ಇಡೀ ತುಂಗೆಯೇ ಇದೆ. ಕಳೆದ ಬೇಸಿಗೆಯಲ್ಲಿ ಅಲ್ಲಿ ನಿಂತಿದ್ದಾಗ ಮಗಳು ಕೇಳಿದಳು: ‘ಅಪ್ಪಾ, ನಮ್ಮ ಆಸ್ಕರ್‌ಗೆ ನಾಲ್ಕಡಿ ನಿಜವಾಗಿಯೂ ಸಾಕಾ?’ ಕನಿಷ್ಠ ಅಷ್ಟು ಎಂದೆ. ಸಾಕು ಎನ್ನಲು ಮನಸ್ಸು ಬರಲಿಲ್ಲ.