ಹಿಂದುಳಿದದ್ದು ರೈತನೋ, ಶಿಫಾರಸೋ?

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಸೀಮೆಯ ಸಣ್ಣ ರೈತರ ಕೇರಿಗಳಿಗೆ ಹೋಗಿ ಮೆಕ್ಕೆಜೋಳ ಬೆಳೆಯಿರಪ್ಪಾ ಎಂದು ಯಾರೂ ಕೈಮುಗಿದು ಕೇಳಿಕೊಳ್ಳಬೇಕಾಗಲಿಲ್ಲ. ಅದಕ್ಕೆಂದು ರಥ ಹೊರಡಲಿಲ್ಲ, ಗೋಡೆಬರಹ ಬೀಳಲಿಲ್ಲ. ಆದರೂ ರಾಗಿ, ಜೋಳ, ಹುರುಳಿ ಇದ್ದ ಹೊಲಗಳಿಗೆ ಹೈಬ್ರಿಡ್ ಮೆಕ್ಕೆಜೋಳ ನೋಡನೋಡುತ್ತಿದ್ದಂತೆ ಹಬ್ಬಿತು. ಕೊಳವೆಬಾವಿಯಲ್ಲಿ ಎರಡಿಂಚು ನೀರು ಸಿಕ್ಕವನು ಅಡಿಕೆ ಸಸಿ ತಂದು ನೆಟ್ಟ. ಭೀಮಸಮುದ್ರದ ಅಡಿಕೆ ವ್ಯಾಪಾರ ಅವನ ಕಣ್ಣೆದುರಿಗೇ ಇತ್ತು. ಬೀಜದಂಗಡಿಯವನು ಸಾಲ ಕೊಟ್ಟ, ತೆನೆ ಮುರಿದಾಗ ಕೊಳ್ಳುವವನು ಲಾರಿ ತಂದ. ಇಷ್ಟಾದರೆ ಸಾಕಿತ್ತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಮ್ಮ ಕೃಷಿ ವಿಸ್ತರಣೆಯ ಅಧ್ಯಯನಗಳಲ್ಲಿ ಬುಡಕಟ್ಟು ರೈತರ ವಿಷಯ ಬಂದಾಗಲೆಲ್ಲ ಒಂದು ಕೋಷ್ಟಕ ಇರುತ್ತದೆ. ಸುಧಾರಿತ ಬೇಸಾಯ ಕ್ರಮಗಳನ್ನು ಪೂರ್ತಿ ಅಳವಡಿಸಿಕೊಂಡವರು ಇಷ್ಟು, ಅರ್ಧಂಬರ್ಧ ಇಷ್ಟು, ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇಷ್ಟು. ಕಾರಣಗಳ ಪಟ್ಟಿಯಲ್ಲಿ ವಯಸ್ಸು, ಓದು, ಹೊರಜಗತ್ತಿನ ಸಂಪರ್ಕ, ಸಾಹಸದ ಮನೋಭಾವ. ಎಲ್ಲವೂ ರೈತನ ಮೈಮೇಲಿನ ಗುರುತುಗಳೇ. ಶಿಫಾರಸಿಗೆ ಅಂಕ ಕೊಟ್ಟ ಕೋಷ್ಟಕವನ್ನು ನಾನಿನ್ನೂ ಕಂಡಿಲ್ಲ.

ಚಿತ್ರದುರ್ಗದಲ್ಲಿ ಬುಡಕಟ್ಟು ಎಂದರೆ ಕಾಡಿನಂಚಿನ ಹಾಡಿ ಎಂದು ಬೆಂಗಳೂರಿನ ಓದುಗರು ತಿಳಿಯಬಾರದು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಶೇ 18ರ ಆಸುಪಾಸು. ಅವರಲ್ಲಿ ಬಹುಪಾಲು ನಾಯಕರು, ಜೊತೆಗೆ ಮ್ಯಾಸಬೇಡರು. 1779ರಲ್ಲಿ ಹೈದರಾಲಿಯ ಕೈಗೆ ಬೀಳುವ ತನಕ ದುರ್ಗದ ಕೋಟೆ ಆಳಿದವರ ಕುಲದವರು. ದೇವರ ಎತ್ತುಗಳ ಹಿಂಡನ್ನೂ ಅದನ್ನು ಕಾಯುವ ಕಿಲಾರಿಯನ್ನೂ ಇವತ್ತಿಗೂ ಬಿಡದ ಮ್ಯಾಸಬೇಡರ ಹಟ್ಟಿಗಳು ಹೆಚ್ಚಾಗಿ ಚಳ್ಳಕೆರೆ, ಮೊಳಕಾಲ್ಮೂರು ಕಡೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಪರಿಶಿಷ್ಟ ಪಂಗಡದ ಸಣ್ಣ ರೈತ ನೋಡುವುದಕ್ಕೂ ಬೇಸಾಯಕ್ಕೂ ಪಕ್ಕದ ಹೊಲದವನಂತೆಯೇ. ಒಂದೆರಡು ಎಕರೆ ಕೆಂಪು ಮಸಾರಿ, ಅದೂ ದರಖಾಸ್ತಿನಲ್ಲಿ ಬಂದ ಕಲ್ಲುಭೂಮಿ ಇರಬಹುದು. ವ್ಯತ್ಯಾಸ ಇರುವುದು ಪಹಣಿಯಲ್ಲಿ. ಆ ಮಾತಿಗೆ ಮುಂದೆ ಬರೋಣ.

ಶೇಂಗಾಕ್ಕೆ ಜಿಪ್ಸಂ ಹಾಕುವ ಶಿಫಾರಸನ್ನೇ ತೆಗೆದುಕೊಳ್ಳಿ. ಎಕರೆಗೆ 200 ಕೆ.ಜಿ., ಅಂದರೆ ನಾಲ್ಕು ಮೂಟೆ. ಹೂ ಬಿಟ್ಟ ಮೇಲೆ ಅದರ ಬುಡದಿಂದ ಸೂಜಿಯಂತೆ ಎಳೆ ಇಳಿದು ಮಣ್ಣಿಗೆ ನಾಟುತ್ತದೆ, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಆ ಕಾಯಿಗೆ ಬೇಕಾದ ಸುಣ್ಣದಂಶ ಬೇರಿನಿಂದ ಸಾಲುವಷ್ಟು ಬರುವುದಿಲ್ಲ, ಕಾಯಿಯೇ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳಬೇಕು. ಸಿಗದಿದ್ದರೆ ಸಿಪ್ಪೆ ಬೆಳೆದು ಒಳಗೆ ಜೊಳ್ಳು. ವಿಜ್ಞಾನ ಅಚ್ಚುಕಟ್ಟಾಗಿದೆ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಬಿತ್ತಿದ ತಿಂಗಳೊಪ್ಪತ್ತಿಗೆ, ಅಂದರೆ ಹಿರಿಯೂರಿನ ಕಡೆ ಗಾಳಿಯೇ ಮಳೆಗಿಂತ ಜೋರಾಗಿರುವ ಜುಲೈ–ಆಗಸ್ಟ್‌ನಲ್ಲಿ, ನಾಲ್ಕು ಮೂಟೆ ಕೊಂಡು, ಸಾಗಿಸಿ, ಸಾಲಿಗೆ ಸುರಿದು, ಎಡೆಕುಂಟೆ ಹೊಡೆಸಬೇಕು. ಮಣ್ಣಿನಲ್ಲಿ ತೇವ ಇಲ್ಲದಿದ್ದರೆ ಜಿಪ್ಸಂ ಕರಗದೆ ಅಲ್ಲೇ ಕೂರುತ್ತದೆ. ‘ಮಳೆ ಬಂದ್ರೆ ಹಾಕಾನ, ಬೆಳೆನೇ ಉಳಿತದೋ ಇಲ್ಲೋ’ ಎನ್ನುವ ಮಾತನ್ನು ನಾವು ಅಜ್ಞಾನದ ಖಾತೆಗೆ ಬರೆದುಕೊಳ್ಳುತ್ತೇವೆ. ಮಧ್ಯ ಒಣ ವಲಯದಲ್ಲಿ ಒಳ್ಳೆಯ ಮಳೆ ಕೂಡಿ ಬರುವುದು ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ ಎಂದು ಅವನಿಗೆ ಗೊತ್ತು. ಕೈಗಡ ತಂದ ದುಡ್ಡನ್ನು ಆಗಸ್ಟಿನ ಆಕಾಶದ ಮೇಲೆ ಹೂಡುವುದಿಲ್ಲ ಎನ್ನುವವನದು ಪಕ್ಕಾ ಲೆಕ್ಕ.

ಹಾಗೆಂದು ರೈತ ಮಾಡಿದ್ದೆಲ್ಲ ಸರಿ ಎಂದು ಹಾಡಿ ಹೊಗಳುವ ಬರಹವೂ ಇದಲ್ಲ. ಬೀಜೋಪಚಾರದ ಸಂಗತಿ ನೋಡಿ. ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ. ಎಕರೆಯ ಬೀಜಕ್ಕೆ ಅಂಗೈಯಲ್ಲಿ ಹಿಡಿಯುವ ಪೊಟ್ಟಣ ಸಾಕು. ಬುಡಕೊಳೆ ರೋಗಕ್ಕೆ ಎಳೆ ಗಿಡಗಳು ಸಾಲುಸಾಲಾಗಿ ಸಾಯುವುದು ಅದರಿಂದ ಎಷ್ಟೋ ತಪ್ಪುತ್ತದೆ. ಇಷ್ಟು ಅಗ್ಗದ ಕೆಲಸವನ್ನು ಬಿಡುವುದು ನಷ್ಟವೇ. ಯಾಕೆ ಬಿಡುತ್ತಾರೆ? ಮಳೆ ಬಿದ್ದ ಮೇಲೆ ಮಸಾರಿ ನೆಲದಲ್ಲಿ ಹದ ಇರುವುದು ಒಂದೆರಡು ದಿನ. ಸ್ವಂತ ಎತ್ತಿಲ್ಲದವನು ಬಾಡಿಗೆ ಟ್ರ್ಯಾಕ್ಟರಿನ ಸರದಿಗೆ ಕಾಯುತ್ತಾನೆ. ರಾತ್ರಿಯೆಲ್ಲ ಕಾಯಿ ಸುಲಿದು ಬೀಜ ಹಸನು ಮಾಡುವುದು ಮನೆಯ ಹೆಂಗಸರು. ಬೀಜಕ್ಕೆ ಔಷಧಿ ಲೇಪಿಸುವ ಕೆಲಸ ಬೀಳುವುದೂ ಅದೇ ರಾತ್ರಿ, ಅವರ ಕೈಗೇ. ಶೇಂಗಾ ಬೀಜದ ಮೇಲಿನ ಸಿಪ್ಪೆ ತೆಳು; ಒರಟಾಗಿ ಉಜ್ಜಿದರೆ ಕಿತ್ತು ಬರುತ್ತದೆ, ಬೀಜ ಮೊಳೆಯುವುದಿಲ್ಲ. ಮೊರದಲ್ಲಿ ಹಗುರಾಗಿ ಹೊರಳಿಸಿ ನೆರಳಲ್ಲಿ ಆರಿಸುವ ಆ ಹದವನ್ನು ಕೈಯಿಂದಲೇ ಕಲಿಯಬೇಕು. ನಮ್ಮ ತರಬೇತಿ ನಡೆಯುವುದು ಹಗಲು ಹನ್ನೊಂದಕ್ಕೆ, ಸಭಾಂಗಣದಲ್ಲಿ, ಪಹಣಿ ಇರುವ ಗಂಡಸರಿಗೆ. ಮಧ್ಯಾಹ್ನ ಊಟ, ಫೋಟೊ.

ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಸಂಶೋಧನಾ ಕೇಂದ್ರವಿದೆ. ಒಣ ಬೇಸಾಯಕ್ಕೆ ಒಗ್ಗುವ ತಳಿ, ಅಂತರ ಬೆಳೆ, ಕೃಷಿಹೊಂಡ ಎಲ್ಲವೂ ಕೈಗೆಟುಕುವ ದೂರದಲ್ಲಿವೆ. 2009ರಲ್ಲಿ ರಾಜ್ಯ ಸರ್ಕಾರದ ಭೂಚೇತನ ಯೋಜನೆ ಶುರುವಾದಾಗ ಮೊದಲ ಆರು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಮಣ್ಣು ಪರೀಕ್ಷಿಸಿ, ಸತು, ಬೋರಾನ್, ಗಂಧಕ ಕಡಿಮೆ ಇದೆಯೆಂದು ತೋರಿಸಿ, ಅದನ್ನು ಸಹಾಯಧನದಲ್ಲಿ ಕೊಟ್ಟರು. ಆ ಯೋಜನೆಯ ದೊಡ್ಡಸ್ತಿಕೆ ಇದ್ದದ್ದು ಮಣ್ಣಿನ ನಕ್ಷೆಯಲ್ಲಷ್ಟೇ ಅಲ್ಲ. ಊರಿನಲ್ಲೇ ಒಬ್ಬ ರೈತ ಅನುವುಗಾರನನ್ನು ಇಟ್ಟು, ಬಿತ್ತನೆಗೆ ಮುಂಚೆ ಚೀಲ ರೈತ ಸಂಪರ್ಕ ಕೇಂದ್ರ ತಲುಪುವಂತೆ ಓಡಾಡಿದ್ದರಲ್ಲಿ. ಹೊಸ ತಳಿಗಳೂ ಹಾಗೆಯೇ ಹರಡಿದವು. ಬೆಂಕಿ ರೋಗ ತಡೆಯುವ ಜಿಪಿಯು–28 ರಾಗಿ ಬೇಡ ಎಂದವರನ್ನು ನಾನು ಕಂಡಿಲ್ಲ, ಯಾಕೆಂದರೆ ಅದಕ್ಕೆ ಬಿತ್ತುವ ಕ್ರಮ ಬದಲಿಸಬೇಕಿಲ್ಲ, ಬೀಜ ಬದಲಿಸಿದರಾಯಿತು. ಇನ್ನು ರಾಗಿಯ ನಡುವೆ ತೊಗರಿ ಸಾಲು, 8ಕ್ಕೆ 2ರಂತೆ, ಎಂಬ ಶಿಫಾರಸು. ಅಕ್ಕಡಿ ಸಾಲು ಹಾಕಿಕೊಂಡೇ ಬಂದ ಹೊಸದುರ್ಗದ ಅಜ್ಜನಿಗೆ ಇದನ್ನು ‘ಸುಧಾರಿತ ಪದ್ಧತಿ’ ಎಂದು ಓದಿ ಹೇಳಿದರೆ ಅವನು ನಕ್ಕರೂ ನಕ್ಕಾನು. ಪ್ರಶ್ನಾವಳಿಯಲ್ಲಿ ಮಾತ್ರ ಅವನಿಗೆ ಒಂದು ಅಂಕ ಸಿಗುತ್ತದೆ.

ಈ ಅಂಕಗಳ ಮೂಲ ಅಮೆರಿಕದ ಐಯೊವಾ. ಅಲ್ಲಿನ ರೈತರಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ 1943ರಲ್ಲಿ ಬರೆದರು. ಅದೇ ನಾಡಿನ ರೈತನ ಮಗ ಎವರೆಟ್ ರೋಜರ್ಸ್ 1962ರಲ್ಲಿ ಅದನ್ನು ಸಿದ್ಧಾಂತ ಮಾಡಿ, ಜನರನ್ನು ಮುಂಚೂಣಿಯವರಿಂದ ಹಿಡಿದು ತೀರಾ ಹಿಂದುಳಿದವರ ತನಕ ಐದು ಗುಂಪು ಮಾಡಿದ. ಹೈಬ್ರಿಡ್ ಬೀಜಕ್ಕೆ ವರ್ಷಗಟ್ಟಲೆ ಒಪ್ಪದವನು ರೋಜರ್ಸ್‌ನ ಅಪ್ಪನೇ. 1936ರ ಬರದಲ್ಲಿ ತನ್ನ ಬೆಳೆ ಒಣಗಿ ನೆರೆಯವನ ಹೈಬ್ರಿಡ್ ನಿಂತದ್ದನ್ನು ಕಂಡ ಮೇಲೆ ಅವನ ಮನಸ್ಸು ತಿರುಗಿತು. ಮುಂದೆ ರೋಜರ್ಸ್ ತನ್ನ ಪುಸ್ತಕದ ಪರಿಷ್ಕೃತ ಆವೃತ್ತಿಗಳಲ್ಲಿ, ವ್ಯವಸ್ಥೆಯ ತಪ್ಪನ್ನು ವ್ಯಕ್ತಿಯ ತಲೆಗೆ ಕಟ್ಟುವ ಚಾಳಿ ತನ್ನ ಶಾಸ್ತ್ರಕ್ಕೇ ಇದೆಯೆಂದು ಒಪ್ಪಿದ. ನಮ್ಮವರು ಐದು ಗುಂಪುಗಳನ್ನು ಎತ್ತಿಕೊಂಡರು, ಆ ಪುಟಗಳನ್ನು ಬಿಟ್ಟರು.

ಈಗ ಪಹಣಿ. ಸಹಾಯಧನದ ಬೀಜ, ಗೊಬ್ಬರ, ಶೇ 90ರ ರಿಯಾಯಿತಿಯ ಯಂತ್ರ ಬೇಕಾದರೆ ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಬೇಕು. ಅದಕ್ಕೆ ಪಹಣಿಯಲ್ಲಿ ಹೆಸರಿರಬೇಕು. ಅಜ್ಜ ತೀರಿ ಇಪ್ಪತ್ತು ವರ್ಷವಾದರೂ ಜಮೀನು ಅಜ್ಜನ ಹೆಸರಿನಲ್ಲೇ ಇರುತ್ತದೆ, ಉಳುವವನು ಮೊಮ್ಮಗ. ಪೌತಿ ಖಾತೆ ಮಾಡಿಸಲು ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ, ನಾಡಕಚೇರಿಗೆ ಅಲೆದಾಟ, ಹೋದ ದಿನಗಳ ಕೂಲಿ. ಬಗರ್‌ಹುಕುಂ ಸಾಗುವಳಿಯಾದರೆ ಆ ದಾರಿಯೂ ಇಲ್ಲ. ಇವನು ಸರ್ಕಾರದ ಕಣ್ಣಿಗೆ ರೈತನೇ ಅಲ್ಲ, ಸಮೀಕ್ಷೆಯ ಕಣ್ಣಿಗೆ ಮಾತ್ರ ‘ಕಡಿಮೆ ಅಳವಡಿಕೆಯ ರೈತ’. ಹೀಗಾಗಿ ಅವನು ಹೋಗುವುದು ಗೊಬ್ಬರದಂಗಡಿಗೆ. ಅಲ್ಲಿ ಯಾರೂ ಪಹಣಿ ಕೇಳುವುದಿಲ್ಲ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನೂರು ರೈತ ಕುಟುಂಬಗಳಲ್ಲಿ 60ಕ್ಕೆ ಹೊಸ ತಂತ್ರಜ್ಞಾನದ ಮಾಹಿತಿ ಯಾವ ಮೂಲದಿಂದಲೂ ಸಿಕ್ಕಿರಲಿಲ್ಲ. ಸಿಕ್ಕವರು ಮೊದಲು ಹೆಸರಿಸಿದ್ದು ಬೇರೆ ರೈತರನ್ನು, ಆಮೇಲೆ ಅಂಗಡಿಯವರನ್ನು. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳು ಮೆಕ್ಕೆಜೋಳದ ಸುಳಿ ತಿನ್ನತೊಡಗಿದಾಗ, ಯಾವ ಔಷಧಿ, ಎಷ್ಟು ಎಂದು ಸಣ್ಣ ರೈತ ಓಡಿ ಹೋಗಿ ಕೇಳಿದ್ದೂ ಅಂಗಡಿ ಕಟ್ಟೆಯಲ್ಲೇ.

ಹಣ ಇಲ್ಲವೆ? ಇದೆ. ರಾಜ್ಯದ 2013ರ ಕಾಯ್ದೆಯಂತೆ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಗೆ ಜನಸಂಖ್ಯೆಗೆ ತಕ್ಕ ಪಾಲು, ಎರಡೂ ಸೇರಿ ಶೇ 24.1, ತೆಗೆದಿಡಲೇಬೇಕು. ಅದರಲ್ಲಿ ಎಷ್ಟು ಬೇರೆಡೆಗೆ ಹರಿಯುತ್ತದೆ ಎನ್ನುವ ಜಗಳ ವಿಧಾನಸೌಧದಲ್ಲಿ ನಡೆಯುತ್ತಲೇ ಇದೆ. ಪರಿಶಿಷ್ಟ ಪಂಗಡಗಳ ಅಭಿವೃದ್ಧಿಗೆಂದಿರುವ ವಾಲ್ಮೀಕಿ ನಿಗಮದ ಹಣದ ಕಥೆ 2024ರಲ್ಲಿ ತನಿಖೆಗೆ ಹೋದದ್ದು ಬೇರೆಯೇ ಅಧ್ಯಾಯ. ನನ್ನ ದೂರು ಅದಕ್ಕಿಂತ ಚಿಕ್ಕದು. ಹಣಕಾಸು ವರ್ಷ ಮುಗಿಯುವುದು ಮಾರ್ಚ್‌ನಲ್ಲಿ, ಬೇಸಾಯದ ವರ್ಷ ಹುಟ್ಟುವುದು ರೋಹಿಣಿಯಲ್ಲಿ. ಖರ್ಚು ತೋರಿಸುವ ಅವಸರದಲ್ಲಿ ಟಾರ್ಪಾಲು, ಸ್ಪ್ರೇಯರ್, ಜೈವಿಕ ಗೊಬ್ಬರದ ಪೊಟ್ಟಣಗಳ ಕಿಟ್ ಮಾರ್ಚಿನ ಕೊನೆಗೆ ಕೈಗೆ ಬಂದರೆ, ರೈಜೋಬಿಯಂ ಎಂಬ ಜೀವಾಣು ಏಪ್ರಿಲ್–ಮೇ ಬಿಸಿಲಿನಲ್ಲಿ ಶೀಟಿನ ಮನೆಯಲ್ಲಿ ಕೂತು ಬಿತ್ತನೆ ಹೊತ್ತಿಗೆ ಎಷ್ಟು ಉಳಿದಿರುತ್ತದೆ? ಟಾರ್ಪಾಲು ಮಾತ್ರ ಉಪಯೋಗಕ್ಕೆ ಬರುತ್ತದೆ, ಅದನ್ನು ಯಾರೂ ಬೇಡ ಅನ್ನುವುದಿಲ್ಲ. ಮುಂದಿನ ವರ್ಷ ಬರುವ ಸಮೀಕ್ಷೆಗಾರ, ಟಾರ್ಪಾಲನ್ನು ಒಪ್ಪಿಕೊಂಡರು, ಜೈವಿಕ ಗೊಬ್ಬರವನ್ನು ಒಪ್ಪಲಿಲ್ಲ ಎಂದು ಬರೆದುಕೊಳ್ಳುತ್ತಾನೆ.

ಜಿಲ್ಲಾ ಪಂಚಾಯಿತಿಯ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಉಪಯೋಜನೆಯ ವಿಷಯ ಬಂದಾಗ ಕೇಳುವುದು ಶೇಕಡಾ ಎಷ್ಟು ಖರ್ಚಾಯಿತು ಎಂದೇ. ಅದರ ಜೊತೆಗೆ ಪ್ರತಿ ತಾಲ್ಲೂಕಿನಿಂದ ಇನ್ನೆರಡು ಉತ್ತರ ತರಿಸಿಕೊಳ್ಳಲಿ: ಚೀಲ ರೈತನ ಮನೆ ಮುಟ್ಟಿದ ತಾರೀಖು ಯಾವುದು, ಪೌತಿ ಖಾತೆ ಆಗದ್ದರಿಂದ ಪಟ್ಟಿಯಿಂದ ಹೊರಗುಳಿದ ಉಳುವವರು ಎಷ್ಟು ಮಂದಿ. ಒಂದೆಕರೆಯ ಪ್ರಾತ್ಯಕ್ಷಿಕೆಯನ್ನು ರಸ್ತೆ ಪಕ್ಕದ, ನೀರಿರುವ ಹೊಲ ಬಿಟ್ಟು ಕಲ್ಲುಭೂಮಿಯಲ್ಲಿ ಮಾಡಲಿ. ಜಿಪ್ಸಂ ಹಾಕಿದ ಮೇಲೆ ಮಳೆ ಕೈಕೊಟ್ಟರೆ ಆ ನಾಲ್ಕು ಮೂಟೆಯ ದುಡ್ಡು ಇಲಾಖೆಯದು ಎಂದು ಮೊದಲೇ ಬರೆದುಕೊಡಲಿ. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು ಏನೂ ಬೇಡ. ಈಗಿರುವ ಹಣವನ್ನು ಮೇ ತಿಂಗಳಲ್ಲಿ ಬಿಡುಗಡೆ ಮಾಡುವಂತೆ ಒಂದು ಸುತ್ತೋಲೆ ಸಾಕು.