ಬೈಪಾಸಿನಲ್ಲಿ ಇಳಿಯುವವರಿಗೂ ದೀಪ ಬೇಕು



ನಾಂದೇಡದಿಂದ ಹೊರಟು ಬೀದರ್, ಕಲಬುರಗಿ, ವಿಜಯಪುರ, ಹೊಸಪೇಟೆ ಹಾದು ಚಿತ್ರದುರ್ಗದಲ್ಲಿ ಬೆಂಗಳೂರು–ಪುಣೆ ಹೆದ್ದಾರಿಯನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 50 ನಮ್ಮ ನಾಡಿನ ಚರಿತ್ರೆಯ ಬೆನ್ನೆಲುಬು. ಬಹಮನಿಗಳ ಎರಡು ರಾಜಧಾನಿಗಳು, ಗೋಳಗುಮ್ಮಟ, ಹಂಪಿ, ದುರ್ಗದ ಏಳುಸುತ್ತಿನ ಕೋಟೆ ಎಲ್ಲವೂ ಇದರ ಮೇಲೆ ಇಲ್ಲವೇ ಮಗ್ಗುಲಲ್ಲೇ ಇವೆ. ವಿಜಯಪುರದಿಂದ ದಕ್ಷಿಣಕ್ಕೆ ಚತುಷ್ಪಥವಾದ ಮೇಲೆ ಪ್ರಯಾಣ ಸಲೀಸಾಗಿದೆ, ಮನಸಾರೆ ಒಪ್ಪುತ್ತೇನೆ.

ಆದರೆ ಈ ರಸ್ತೆ ಲಾರಿ, ಕಾರಿನವರಿಗಷ್ಟೇ ಅಲ್ಲ. ರಾತ್ರಿ ಬಸ್ಸುಗಳಲ್ಲಿ ಕೆಲವು ಊರೊಳಗೆ ಬರದೆ ಬೈಪಾಸಿನಲ್ಲೇ ಇಳಿಸಿ ಹೋಗುತ್ತವೆ. ಈಚೆಗೆ ಸೀರೆಗಂಟು ಹೊತ್ತ ಅಜ್ಜಿಯೊಬ್ಬರು ನನ್ನೊಡನೆ ಇಳಿದರು. ದೀಪವಿಲ್ಲ, ತಂಗುದಾಣವಿಲ್ಲ, ಸರ್ವಿಸ್ ರಸ್ತೆಗೆ ಇಳಿಯಲು ಮೆಟ್ಟಿಲೂ ಇಲ್ಲ. ಮೊಬೈಲ್ ಬೆಳಕಿನಲ್ಲಿ, ಜಾರುವ ಜಲ್ಲಿಯ ಮೇಲೆ, ಕೈಹಿಡಿದು ಇಳಿಸಬೇಕಾಯಿತು. ಟೋಲ್ ವಸೂಲಿ ಮಾಡುವ ರಸ್ತೆಯಲ್ಲಿ ಇದು ಅಕ್ಷಮ್ಯ.

ಇನ್ನೊಂದು ಮಾತು. ಹುನಗುಂದದಿಂದ ಅಮೀನಗಡದ ಕಡೆ ಹೊರಳಿದರೆ 634ರ ರವಿಕೀರ್ತಿ ಶಾಸನವಿರುವ ಐಹೊಳೆ. ಅದರಾಚೆ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು. ತಿರುವಿಗೆ ಸಾಕಷ್ಟು ಮೊದಲೇ ಕಾಣುವ ದೊಡ್ಡ ಫಲಕ, ಶುಚಿಯಾದ ಶೌಚಾಲಯ, ಬಾಡಿಗೆ ವಾಹನ ನಿಲ್ಲಲು ಜಾಗ ಮಾಡಿಕೊಟ್ಟರೆ ಹಂಪಿ ನೋಡಿ ನೇರ ವಿಜಯಪುರಕ್ಕೆ ಓಡುವವರಲ್ಲಿ ಕೆಲವರಾದರೂ ಇತ್ತ ಬರುತ್ತಾರೆ. ದಾರಿಯ ಊರುಗಳ ನೇಕಾರರಿಗೆ, ಖಾನಾವಳಿಗಳಿಗೆ ನಾಲ್ಕು ಕಾಸು ಸಿಗುತ್ತದೆ.

ಫಲಕ ನಿಧಾನವಾಗಿ ಬರಲಿ. ಬಸ್ಸು ನಿಲ್ಲುವ ಪ್ರತಿ ಬೈಪಾಸಿನಲ್ಲಿ ಮಳೆಗಾಲಕ್ಕೆ ಮುನ್ನ ದೀಪ, ಮೆಟ್ಟಿಲು, ತಂಗುದಾಣ ಮಾಡಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

– ಓದುಗ, ಇಳಕಲ್